ಸಂಭಾಷಣೆಗೂ ಮೊದಲು ನಾಟಕಕಾರ ಬರೆಯುವುದು

ಕ್ರಿ.ಪೂ. 458ರಲ್ಲಿ ಗ್ರೀಕ್ ನಾಟಕಕಾರ ಈಸ್ಕಿಲಸ್ ತನ್ನ 'ಒರೆಸ್ಟಿಯ' ನಾಟಕತ್ರಯವನ್ನು ಅಥೆನ್ಸಿನಲ್ಲಿ ಆಡಿಸಿದ. ಅದರ ಎರಡನೆಯ ನಾಟಕದಲ್ಲಿ ಒರೆಸ್ಟಿಸ್ ತಂದೆಯ ಕೊಲೆಗೆ ಸೇಡು ತೀರಿಸಿಕೊಳ್ಳಲು ಊರಿಗೆ ಮರಳುತ್ತಾನೆ. ಜೊತೆಗೆ ಪಿಲಾಡಿಸ್ ಎಂಬ ಗೆಳೆಯ. ಈ ಪಿಲಾಡಿಸ್ ಮೊದಲ ದೃಶ್ಯದಿಂದಲೂ ಬರುತ್ತಾನೆ, ಹೋಗುತ್ತಾನೆ, ಪಕ್ಕದಲ್ಲಿ ನಿಲ್ಲುತ್ತಾನೆ. ಬಾಯಿ ಮಾತ್ರ ಬಿಡುವುದಿಲ್ಲ. ಕೊನೆಗೆ ಒರೆಸ್ಟಿಸ್, ತಂದೆಯನ್ನು ಕೊಂದ ಹೆತ್ತ ತಾಯಿಯನ್ನೇ ಕೊಲ್ಲಲು ನಿಂತಾಗ ಅವಳು ತನ್ನ ಎದೆ ತೋರಿಸಿ, ಹಾಲು ಕುಡಿಸಿದ್ದನ್ನು ನೆನಪಿಸುತ್ತಾಳೆ. ಒರೆಸ್ಟಿಸ್ ಅಳುಕುತ್ತಾನೆ. ಗೆಳೆಯನ ಕಡೆ ತಿರುಗಿ, ಏನು ಮಾಡಲಿ ಎಂದು ಕೇಳುತ್ತಾನೆ. ಆಗ ಪಿಲಾಡಿಸ್ ಮೂರು ಸಾಲು ಮಾತಾಡುತ್ತಾನೆ: ಹಾಗಾದರೆ ಸೇಡು ತೀರಿಸು ಎಂದು ಅಪೊಲೊ ದೇವರು ಹೇಳಿದ್ದು ಏನಾಯಿತು? ಲೋಕವೆಲ್ಲ ಹಗೆಯಾದರೂ ಆಗಲಿ, ದೇವರನ್ನು ಹಗೆ ಮಾಡಿಕೊಳ್ಳಬೇಡ. ಇಡೀ ನಾಟಕದಲ್ಲಿ ಅವನ ಪಾಲಿಗೆ ಬಂದ ಮಾತು ಅಷ್ಟೇ.

ಆ ಮೂರು ಸಾಲಿನ ಪೆಟ್ಟು ಎಷ್ಟೆಂದು ತಿಳಿಯಬೇಕಾದರೆ ಒಂದು ಲೆಕ್ಕ ಗೊತ್ತಿರಬೇಕು. ಗ್ರೀಕ್ ದುರಂತ ನಾಟಕದಲ್ಲಿ ಮಾತಾಡುವ ನಟರು ಮೊದಲು ಒಬ್ಬ. ಎರಡನೆಯವನನ್ನು ತಂದವನು ಈಸ್ಕಿಲಸ್, ಮೂರನೆಯವನನ್ನು ಸೊಫೊಕ್ಲಿಸ್ ಎಂದು ಅರಿಸ್ಟಾಟಲ್ ಹೇಳುತ್ತಾನೆ. ಈ ಕೆಲವೇ ನಟರು ಮುಖವಾಡ ಬದಲಿಸಿಕೊಂಡು ಎಲ್ಲ ಪಾತ್ರಗಳನ್ನೂ ಆಡಬೇಕು. ಪರಿವಾರದವರು, ಕಾವಲಿನವರು ಎಷ್ಟು ಮಂದಿ ಬೇಕಾದರೂ ರಂಗದ ಮೇಲಿರಬಹುದು, ಆದರೆ ಅವರಿಗೆ ಮಾತಿಲ್ಲ. ಪಿಲಾಡಿಸ್ ಅಂಥ ಮೂಕ ಪಾತ್ರ ಎಂದು ಪ್ರೇಕ್ಷಕ ಆಗಲೇ ತೀರ್ಮಾನಿಸಿ ಅವನನ್ನು ಮರೆತಿರುತ್ತಾನೆ. ಮಾತಾಡಲಾರದವನು ಮಾತಾಡಿದಾಗ ಅದು ದೇವರೇ ಬಾಯಿ ತೆರೆದಂತೆ ಕೇಳಿಸುತ್ತದೆ. ಈ ಸಾಲುಗಳನ್ನು ಬೇರೆ ಯಾರ ಬಾಯಿಗೆ ಹಾಕಿದ್ದರೂ ಅದು ಬರೀ ಬುದ್ಧಿಮಾತಾಗುತ್ತಿತ್ತು.

ನಾಟಕಕಾರ ಎಂದರೆ ಸಂಭಾಷಣೆ ಬರೆಯುವವನು ಎಂಬ ತಿಳಿವಳಿಕೆ ಎಲ್ಲೆಡೆ ಇದೆ. ಸಂಭಾಷಣೆ ಬರುವುದು ಕೊನೆಗೆ. ರಂಗದ ಮೇಲೆ ಈಗ ಯಾರಿದ್ದಾರೆ, ಯಾರಿಲ್ಲ, ಯಾರಿಗೆ ಏನು ಗೊತ್ತಿದೆ, ಯಾರು ಯಾವಾಗ ಹೊರಗೆ ಹೋಗುತ್ತಾರೆ: ನಾಟಕಕಾರ ಮೊದಲು ಬರೆಯುವುದು ಇದನ್ನು. ಇದು ಗಟ್ಟಿಯಾಗಿದ್ದರೆ ಸಾಧಾರಣ ಮಾತೂ ನಾಟುತ್ತದೆ. ಇದು ಸಡಿಲವಾಗಿದ್ದರೆ ಕವಿತೆಯಂಥ ಮಾತು ಬರೆದರೂ ಸಭಾಂಗಣದಲ್ಲಿ ಕೆಮ್ಮು ಶುರುವಾಗುತ್ತದೆ.

ಇದನ್ನು ಬರೆಯುವುದಕ್ಕೆ ಒಂದು ಸರಳ ಉಪಕರಣವಿದೆ. ದೊಡ್ಡ ಹಾಳೆಯಲ್ಲಿ ಮೇಲಿಂದ ಕೆಳಕ್ಕೆ ಪಾತ್ರಗಳ ಹೆಸರು, ಎಡದಿಂದ ಬಲಕ್ಕೆ ದೃಶ್ಯಗಳು. ಪಾತ್ರ ಇರುವ ದೃಶ್ಯದ ಮನೆಯಲ್ಲಿ ಒಂದು ಗುರುತು. ಹನ್ನೆರಡು ಪಾತ್ರ, ಹತ್ತು ದೃಶ್ಯ ಎಂದರೆ ನೂರಿಪ್ಪತ್ತು ಮನೆ. ಅರ್ಧ ಗಂಟೆಯ ಕೆಲಸ, ಆದರೆ ಮೂರು ತಿಂಗಳ ಬರವಣಿಗೆಯಲ್ಲಿ ಕಾಣದ್ದು ಇಲ್ಲಿ ಕಾಣುತ್ತದೆ. ಎರಡನೆಯ ದೃಶ್ಯದಲ್ಲಿ ಬಂದ ತಮ್ಮ ಒಂಬತ್ತನೆಯ ದೃಶ್ಯದವರೆಗೆ ಎಲ್ಲಿ ಹೋದ? ಪ್ರೇಕ್ಷಕ ಅವನನ್ನು ಮರೆತಿದ್ದಾನೆ. ಒಂಬತ್ತರಲ್ಲಿ ಅವನು ಬಂದು ಅತ್ತರೆ ಯಾರಿಗೂ ತಟ್ಟುವುದಿಲ್ಲ. ನಾಯಕಿ ಹತ್ತಕ್ಕೆ ಹತ್ತೂ ದೃಶ್ಯಗಳಲ್ಲಿ ಇದ್ದಾಳೆಯೇ? ಹಾಗಿದ್ದರೆ ಆಕೆಗೆ ನೀರು ಕುಡಿಯಲೂ ಪುರುಸೊತ್ತಿಲ್ಲ, ಮೇಲಾಗಿ ಅವಳ ಬೆನ್ನ ಹಿಂದೆ ಅವಳ ಬಗ್ಗೆ ಯಾರೂ ಮಾತಾಡುವಂತಿಲ್ಲ. ಒಬ್ಬ ನಟ ಎರಡು ಪಾತ್ರ ಮಾಡಬೇಕಾದರೆ ಆ ಎರಡು ಸಾಲುಗಳ ಗುರುತು ಒಂದೇ ದೃಶ್ಯದಲ್ಲಿ ಬೀಳಬಾರದು, ಒಂದರ ಪಕ್ಕ ಒಂದು ಬಿದ್ದರೂ ಕಷ್ಟ. ಮುದುಕನಾಗಿ ಹೊರಗೆ ಹೋದವನು ತರುಣನಾಗಿ ಒಳಗೆ ಬರಲು, ನೇಪಥ್ಯದಲ್ಲಿ ಸಹಾಯಕ್ಕೆ ಒಬ್ಬರು ನಿಂತಿದ್ದರೂ, ಒಂದು ನಿಮಿಷವಾದರೂ ಬೇಕು. ಆ ಒಂದು ನಿಮಿಷವನ್ನು ಮಿಕ್ಕ ಪಾತ್ರಗಳ ಮಾತಿನಿಂದ ತುಂಬಿಸಬೇಕಾದವನು ನಾಟಕಕಾರ. ನಿರ್ದೇಶಕನ ತಲೆಗೆ ಕಟ್ಟಿದರೆ ಅವನು ಅಲ್ಲೊಂದು ಹಾಡು ತುರುಕುತ್ತಾನೆ.

ಕತ್ತಲೆಯ ಲೆಕ್ಕವೂ ಹೀಗೆಯೇ. ಸಿನಿಮಾ ನೋಡಿ ಬೆಳೆದವರು ಬರೆಯುವ ನಾಟಕಗಳಲ್ಲಿ ಎರಡೆರಡು ಪುಟದ ದೃಶ್ಯಗಳು ಹೆಚ್ಚು. ಇಪ್ಪತ್ನಾಲ್ಕು ದೃಶ್ಯ ಎಂದರೆ ನಡುವೆ ಇಪ್ಪತ್ತಮೂರು ಕತ್ತಲೆ. ಒಂದೊಂದಕ್ಕೆ ಇಪ್ಪತ್ತು ಸೆಕೆಂಡ್ ಹಿಡಿದರೂ ಒಟ್ಟು 460 ಸೆಕೆಂಡ್, ಅಂದರೆ ಏಳೂವರೆ ನಿಮಿಷ ದಾಟಿತು. ಪ್ರೇಕ್ಷಕ ಅಷ್ಟು ಹೊತ್ತು ಕತ್ತಲಲ್ಲಿ ಕುರ್ಚಿ ಎಳೆಯುವ ಸದ್ದು ಕೇಳುತ್ತಾ ಕೂರುತ್ತಾನೆ. ಪ್ರತಿ ಕತ್ತಲೆಯಲ್ಲೂ ಅವನು ನಾಟಕದಿಂದ ಒಂದು ಹೆಜ್ಜೆ ಹೊರಗೆ ಬಂದಿರುತ್ತಾನೆ, ಮುಂದಿನ ದೃಶ್ಯದ ಮೊದಲ ಅರ್ಧ ಪುಟ ಅವನನ್ನು ಒಳಗೆ ಕರೆತರುವುದಕ್ಕೇ ಖರ್ಚಾಗುತ್ತದೆ.

ಇನ್ನು ಲೋಟ. ಒಂದು ಪಾತ್ರ ಕೈಯಲ್ಲಿ ಲೋಟ ಹಿಡಿದು ಬಂದಿತು ಎಂದು ರಂಗಸೂಚನೆ ಬರೆದವನು, ಆ ಲೋಟ ಹೊರಗೆ ಹೋಗುವುದು ಹೇಗೆ ಎಂದೂ ಬರೆಯಬೇಕು. ಇಲ್ಲದಿದ್ದರೆ ಮುಂದಿನ ದೃಶ್ಯ ಕಾಡಿನಲ್ಲಿ ನಡೆಯುವಾಗಲೂ ಅದು ಅಲ್ಲೇ ಕೂತಿರುತ್ತದೆ.

ಹಳಬರು ಈ ಕೆಲಸವನ್ನು ನಮಗಿಂತ ಸೂಕ್ಷ್ಮವಾಗಿ ಮಾಡುತ್ತಿದ್ದರು ಎಂಬುದಕ್ಕೆ 'ಅಭಿಜ್ಞಾನ ಶಾಕುಂತಲ'ದ ನಾಲ್ಕನೆಯ ಅಂಕಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಮಹಾಭಾರತದ ಕಥೆಯಲ್ಲಿ ದೂರ್ವಾಸನ ಶಾಪವೂ ಇಲ್ಲ, ಉಂಗುರವೂ ಇಲ್ಲ. ಇವೆರಡೂ ನಾಟಕಕ್ಕೆ ಬಂದು ಸೇರಿದ ಸಾಮಗ್ರಿ. ಶಾಪದಂಥ ದೊಡ್ಡ ಘಟನೆಯನ್ನು ಕಾಳಿದಾಸ ಎಲ್ಲಿಟ್ಟಿದ್ದಾನೆ ನೋಡಿ: ಅಂಕದ ಒಳಗೂ ಅಲ್ಲ, ಅಂಕಕ್ಕೆ ಮುಂಚಿನ ವಿಷ್ಕಂಭಕದಲ್ಲಿ. ನಡುವೆ ನಡೆದುಹೋದ ಸಂಗತಿಗಳನ್ನು ಸಣ್ಣ ಪಾತ್ರಗಳಿಂದ ಹೇಳಿಸಿ ಮುಗಿಸುವುದಕ್ಕೆಂದು ಇರುವ ಪುಟ್ಟ ಜಾಗ ಅದು. ಅನಸೂಯೆ, ಪ್ರಿಯಂವದೆ ಹೂ ಕೊಯ್ಯುತ್ತಿದ್ದಾರೆ. ದೂರ್ವಾಸ ರಂಗಕ್ಕೆ ಬರುವುದೇ ಇಲ್ಲ. ಅವನ ಶಾಪ ನೇಪಥ್ಯದಿಂದ ಕೇಳಿಸುತ್ತದೆ. ಶಕುಂತಲೆಯೂ ಅಲ್ಲಿಲ್ಲ. ದುಷ್ಯಂತನ ಗುಂಗಿನಲ್ಲಿ ಕುಟೀರದಲ್ಲಿರುವ ಅವಳಿಗೆ ಶಾಪ ಕಿವಿಗೇ ಬಿದ್ದಿಲ್ಲ. ಪ್ರಿಯಂವದೆ ಓಡಿಹೋಗಿ ಕಾಲು ಹಿಡಿದ ಮೇಲೆ, ಗುರುತಿನ ಆಭರಣ ತೋರಿಸಿದರೆ ಶಾಪ ನಿಲ್ಲುತ್ತದೆ ಎಂಬಷ್ಟು ಸಡಿಲಿಕೆ ಸಿಗುತ್ತದೆ. ಮೃದು ಮನಸ್ಸಿನ ಗೆಳತಿಗೆ ಇದನ್ನು ಹೇಳುವುದು ಬೇಡ ಎಂದು ಇಬ್ಬರೂ ನಿಶ್ಚಯಿಸುತ್ತಾರೆ.

ಈಗ ಹಾಳೆಯ ಮೇಲೆ ಲೆಕ್ಕ ಹಾಕಿ. ಶಾಪ ಗೊತ್ತಿರುವವರು: ಇಬ್ಬರು ಗೆಳತಿಯರು ಮತ್ತು ಪ್ರೇಕ್ಷಕರು. ಗೊತ್ತಿಲ್ಲದವರು: ಶಕುಂತಲೆ, ದುಷ್ಯಂತ. ಇದಾದ ಮೇಲೆ ಬರುವ ಬೀಳ್ಕೊಡುಗೆಯಲ್ಲಿ ಕಣ್ವ ಮಗಳನ್ನು ಹರಸುತ್ತಾನೆ, ಜಿಂಕೆಮರಿ ಸೆರಗು ಹಿಡಿದು ಎಳೆಯುತ್ತದೆ, ರಾಜ ಗುರುತು ಹಿಡಿಯಲು ತಡಮಾಡಿದರೆ ಉಂಗುರ ತೋರಿಸು ಎಂದು ಗೆಳತಿಯರು ಹೇಳಿಯೂ ಹೇಳದಂತೆ ಹೇಳುತ್ತಾರೆ. ಶಾಪದ ದೃಶ್ಯವಿಲ್ಲದೆ ಇದನ್ನು ಓದಿದರೆ ಮಗಳನ್ನು ಗಂಡನ ಮನೆಗೆ ಕಳಿಸುವ ಒಂದು ಹೃದ್ಯವಾದ ಸಂದರ್ಭ, ಅಷ್ಟೇ. ಶಾಪ ಗೊತ್ತಿದ್ದು ನೋಡುವಾಗ ಪ್ರತಿ ಹರಕೆಯೂ ಎದೆಗೆ ಚುಚ್ಚುತ್ತದೆ. ಶಕುಂತಲೆ ಶಾಪ ಕೇಳಿಸಿಕೊಂಡಿದ್ದರೆ ಈ ಅಂಕ ಬರೀ ಅಳುವಾಗುತ್ತಿತ್ತು. ಯಾರನ್ನು ರಂಗದಿಂದ ಹೊರಗಿಡಬೇಕು ಎಂಬ ಒಂದೇ ತೀರ್ಮಾನ ಇಡೀ ನಾಟಕವನ್ನು ಹೊತ್ತಿದೆ. ಸಂಧಿಗಳು ಐದು, ಅವಸ್ಥೆಗಳು ಐದು, ಅರ್ಥಪ್ರಕೃತಿಗಳು ಐದು ಎಂದು ಕಥೆಯ ಜೋಡಣೆಗೆ ನಾಟ್ಯಶಾಸ್ತ್ರ ಕೊಡುವ ಪಟ್ಟಿಯನ್ನು ಬಾಯಿಪಾಠ ಮಾಡುವವರು, ಅದರಲ್ಲಿ ಬರುವ ಬೀಜ (ಇಡೀ ಕಥೆ ಮೊಳೆಯುವ ಸಣ್ಣ ಸಂಗತಿ) ಎಂಬ ಪದವನ್ನು ಈ ವಿಷ್ಕಂಭಕದ ಪಕ್ಕದಲ್ಲಿಟ್ಟು ನೋಡಬೇಕು ಎನ್ನುವುದು ನನ್ನ ಆಸೆ. ಪಟ್ಟಿ ಆಗ ಜೀವ ತಳೆಯುತ್ತದೆ.

ಆ ರಂಗಭೂಮಿಯಲ್ಲಿ ಸ್ಥಳ ಬದಲಿಸುವುದೂ ಸುಲಭವಾಗಿತ್ತು. 'ಪರಿಕ್ರಾಮತಿ' ಎಂಬ ಒಂದು ರಂಗಸೂಚನೆ ಸಾಕು. ನಟ ರಂಗದ ಮೇಲೆ ಒಂದು ಸುತ್ತು ನಡೆದರೆ ಅರಮನೆ ಹೋಗಿ ಆಶ್ರಮ ಬಂದಿತು. ಪರದೆ ಇಳಿಸಬೇಕಿಲ್ಲ, ಕತ್ತಲೆ ಮಾಡಬೇಕಿಲ್ಲ. ಮೇಲೆ ಹೇಳಿದ ಏಳೂವರೆ ನಿಮಿಷದ ಕಾಯಿಲೆಗೆ ಇಂದಿಗೂ ಇದೇ ಒಳ್ಳೆಯ ಮದ್ದು.

ಬೆಳಕೇ ಬದಲಿಸಲಾಗದ ಕಡೆ ಮಾತು ಬೆಳಕಿನ ಕೆಲಸ ಮಾಡಬೇಕು. ಶೇಕ್ಸ್‌ಪಿಯರನ ಗ್ಲೋಬ್ ರಂಗಮಂದಿರ ಕಟ್ಟಿದ್ದು 1599ರಲ್ಲಿ. ನಡುವೆ ಸೂರಿಲ್ಲದ ಕಟ್ಟಡ, ಮಧ್ಯಾಹ್ನದ ಪ್ರದರ್ಶನ. 'ಹ್ಯಾಮ್ಲೆಟ್' ಶುರುವಾಗುವುದು ನಡುರಾತ್ರಿಯಲ್ಲಿ. ಬಿಸಿಲಲ್ಲಿ ನಿಂತವರಿಗೆ ರಾತ್ರಿಯನ್ನು ತೋರಿಸುವುದು ಹೇಗೆ? ಮೊದಲ ಮಾತು: 'ಯಾರಲ್ಲಿ?' ಕೇಳಿದವನು ಬರ್ನಾರ್ಡೊ, ಪಾಳಿ ಬದಲಿಸಲು ಬರುತ್ತಿರುವವನು. ಕೇಳಬೇಕಾದವನು ಕಾವಲಿಗೆ ನಿಂತ ಫ್ರಾನ್ಸಿಸ್ಕೊ. ಅವನು ಹಾಗೆಂದೇ ತಿರುಗಿ ಕೇಳುತ್ತಾನೆ, ನೀನು ಮೊದಲು ಯಾರು ಹೇಳು ಎಂದು. ಹಾಡುಹಗಲಲ್ಲಿ ಎದುರುಬದುರು ನಿಂತ ಇಬ್ಬರು ಒಬ್ಬರನ್ನೊಬ್ಬರು ಗುರುತು ಹಿಡಿಯಲಾರರು, ಅಲ್ಲಿಗೆ ಕತ್ತಲಾಯಿತು. ಪ್ರಶ್ನೆ ತಪ್ಪು ಬಾಯಿಂದ ಬಂದದ್ದರಿಂದ ಹೆದರಿಕೆಯೂ ಬಂದಿತು. ಎಂಟೊಂಬತ್ತು ಸಾಲಿನೊಳಗೆ ಹನ್ನೆರಡು ಹೊಡೆದದ್ದು, ಹೋಗಿ ಮಲಗು ಎಂದದ್ದು, ಚಳಿ ಕೊರೆಯುತ್ತಿರುವುದು ಎಲ್ಲ ಬಂದುಬಿಡುತ್ತದೆ. 'ಎಂಥ ಕಗ್ಗತ್ತಲು!' ಎಂದು ಯಾರೂ ವರ್ಣಿಸುವುದಿಲ್ಲ.

ಆ ಕಾಲದ ನಟನ ಕೈಗೆ ಪೂರ್ತಿ ನಾಟಕ ಸಿಗುತ್ತಿರಲಿಲ್ಲ. ಅವನ ಮಾತು, ಅದರ ಹಿಂದೆ ಎದುರಿನವನ ಮಾತಿನ ಕೊನೆಯ ಎರಡು ಮೂರು ಪದ, ಇಷ್ಟನ್ನೇ ಕೈಬರಹದಲ್ಲಿ ನಕಲು ಮಾಡಿ ಸುರುಳಿಯಾಗಿ ಕೊಡುತ್ತಿದ್ದರು. ಆದ್ದರಿಂದ ಪ್ರತಿ ಮಾತಿನ ಕೊನೆಯ ಪದ ಕೀಲಿಕೈ ಇದ್ದಂತೆ. ಅದೇ ಪದ ಒಂದೇ ಮಾತಿನಲ್ಲಿ ಎರಡು ಸಲ ಬಂದರೆ ಎದುರಿನವನು ಮೊದಲನೆಯದಕ್ಕೇ ಬಾಯಿ ತೆರೆಯುತ್ತಾನೆ. ಇಂದು ಎಲ್ಲರ ಕೈಯಲ್ಲೂ ಪೂರ್ತಿ ಪ್ರತಿ ಇದ್ದರೂ, ಮಾತಿನ ತೂಕದ ಪದ ಕೊನೆಗೇ ಬರಲಿ ಎಂಬ ಹದ ಹಾಗೆಯೇ ಉಳಿದಿದೆ. ಶೇಕ್ಸ್‌ಪಿಯರನ ನಾಟಕ ಕಂಪನಿ ಸುಮಾರು 1609ರ ಹೊತ್ತಿಗೆ ಬ್ಲಾಕ್‌ಫ್ರೈಯರ್ಸ್ ಎಂಬ ಒಳಾಂಗಣ ರಂಗಮಂದಿರಕ್ಕೂ ಹೋದ ಮೇಲೆ ಅಂಕಗಳ ನಡುವೆ ವಿರಾಮ ಬಂದಿತು. ಅಲ್ಲಿ ಬೆಳಕು ಮೇಣದಬತ್ತಿಯದು. ಆಗಾಗ ಬತ್ತಿ ಕತ್ತರಿಸಿ ಸರಿಮಾಡಬೇಕಿತ್ತು. ಅಂಕದ ಕೊನೆಯಲ್ಲಿ ಕುತೂಹಲ ನಿಲ್ಲಿಸಬೇಕು ಎಂಬ ಪಾಠದ ಹಿಂದೆ ಈ ಮೇಣದ ಪಾಲೂ ಇದೆ.

ಹತ್ತೊಂಬತ್ತನೆಯ ಶತಮಾನದಲ್ಲಿ ಮೊದಲು ಗ್ಯಾಸ್ ದೀಪ, 1881ರಲ್ಲಿ ಲಂಡನ್ನಿನ ಸವಾಯ್ ರಂಗಮಂದಿರದಲ್ಲಿ ವಿದ್ಯುತ್. ಪ್ರೇಕ್ಷಕರ ಕಡೆ ಕತ್ತಲು ಮಾಡಿ, ರಂಗದ ಕಡೆ ಮಾತ್ರ ಬೆಳಕು ಉಳಿಸುವುದು ಸಾಧ್ಯವಾಯಿತು. ಕತ್ತಲಲ್ಲಿ ಕೂತವರ ಮುಖ ನಟನಿಗೆ ಕಾಣುವುದಿಲ್ಲ. ಅವರ ಕಡೆ ತಿರುಗಿ ಸ್ವಗತ ಆಡುವುದು ಬರಬರುತ್ತಾ ಅಸಹಜವೆನಿಸಿತು. 1869ರ 'ದಿ ಲೀಗ್ ಆಫ್ ಯೂತ್' ನಾಟಕದಲ್ಲಿ ಒಂದೂ ಸ್ವಗತವಿಲ್ಲ ಎಂದು ನಾರ್ವೆಯ ನಾಟಕಕಾರ ಇಬ್ಸೆನ್ ಹೆಮ್ಮೆಪಟ್ಟುಕೊಂಡಿದ್ದ. ಹತ್ತು ವರ್ಷದ ನಂತರದ 'ಎ ಡಾಲ್ಸ್ ಹೌಸ್'ನಲ್ಲಿ ನೋರಾ ಒಬ್ಬಳೇ ಇದ್ದಾಗ ನಾಲ್ಕು ಮಾತು ಆಡಿಕೊಳ್ಳುತ್ತಾಳೆ ಎನ್ನುವುದು ನಿಜ. ಹಳೆಯ ಅಭ್ಯಾಸ ಒಂದೇ ಏಟಿಗೆ ಹೋಗುವುದಿಲ್ಲ. ಆದರೆ ಸ್ವಗತ ಬಿಟ್ಟವನಿಗೆ ಹೊಸ ತೊಂದರೆ ಶುರು. ಹಿಂದೆ ನಡೆದದ್ದನ್ನು ಪ್ರೇಕ್ಷಕನಿಗೆ ತಿಳಿಸುವುದು ಹೇಗೆ? ಹೊಸಬರು ಎಡವುವುದು ಇಲ್ಲಿಯೇ. 'ನಿನಗೆ ಗೊತ್ತಲ್ಲ, ನಮ್ಮಪ್ಪ ಐದು ವರ್ಷದ ಹಿಂದೆ ಮನೆ ಬಿಟ್ಟು ಹೋದರು' ಎಂದು ಅಣ್ಣ ತಂಗಿಗೆ ಹೇಳುತ್ತಾನೆ. ತಂಗಿಗೆ ಗೊತ್ತಿರುವುದನ್ನು ತಂಗಿಗೇ ಹೇಳುವ ಅಣ್ಣನನ್ನು ಯಾರೂ ನಂಬುವುದಿಲ್ಲ. ಅದೇ ಸಂಗತಿಯನ್ನು ಜಗಳದಲ್ಲಿ ಆಯುಧ ಮಾಡಿ: 'ಅಪ್ಪ ಹೊರಟಾಗ ಬಾಗಿಲು ತೆಗೆದುಕೊಟ್ಟವಳು ನೀನು.' ಮಾಹಿತಿಯೂ ಬಂತು, ಗಾಯವೂ ಆಯಿತು. ಯಾರಿಗೋ ಏನನ್ನೋ ಮಾಡುವುದಕ್ಕೆ ಹೊರಟ ಮಾತಿನೊಳಗೆ ಅಡಗಿ ಬಂದ ಹಳೆಯ ಕಥೆಯನ್ನು ಪ್ರೇಕ್ಷಕ ತಾನೇ ಹೆಕ್ಕಿಕೊಳ್ಳುತ್ತಾನೆ.

ಕಂಪನಿ ನಾಟಕದ ಸೀನುಗಳನ್ನು ಹಳತೆಂದು ತಳ್ಳಿಹಾಕುವವರು ಕಾರ್ನಾಡರ 'ತುಘಲಕ್' (1964) ನೋಡಬೇಕು. ಕಂಪನಿಗಳಲ್ಲಿ ಹಿಂದೆ ದರ್ಬಾರಿನ ಭಾರೀ ಸೀನು ಜೋಡಿಸುವಷ್ಟು ಹೊತ್ತು, ಮುಂದೆ ಪರದೆಯ ಎದುರಿನ ಕಿರಿದಾದ ಜಾಗದಲ್ಲಿ ಹಾಸ್ಯದವರು ಆಡುತ್ತಿದ್ದರು. ಕೆಲಸಗಾರರಿಗೆ ಸಮಯ ಕೊಡಲು ಹುಟ್ಟಿದ ಈ ಏರ್ಪಾಡನ್ನು ಕಾರ್ನಾಡರು ತಿಳಿದೇ ಎತ್ತಿಕೊಂಡರು. ಹದಿಮೂರು ದೃಶ್ಯಗಳ ನಾಟಕದಲ್ಲಿ ಆಳದ ಜಾಗ ಸುಲ್ತಾನನಿಗೆ, ಮುಂದಿನ ಕಿರಿದಾದ ಜಾಗ ಅಗಸ ಅಜೀಜನಂಥವರಿಗೆ. ಕೊನೆಯಲ್ಲಿ ಅಜೀಜ ಸುಲ್ತಾನನ ಎದುರೇ ಬಂದು ನಿಲ್ಲುವಾಗ ಆ ಗಡಿ ಒಡೆದುಹೋಗುತ್ತದೆ. ರಾಜ್ಯ ಕುಸಿಯಿತು ಎಂದು ಯಾರಾದರೂ ಬಾಯಲ್ಲಿ ಹೇಳಬೇಕೆ?

ಬರೆದದ್ದರ ಮೇಲೆ ನಾಟಕಕಾರನಿಗೆ ಹಕ್ಕು ಬಂದದ್ದು ತಡವಾಗಿ. ಶೇಕ್ಸ್‌ಪಿಯರನ ಕಾಲದಲ್ಲಿ ಹಸ್ತಪ್ರತಿಯನ್ನು ಕಂಪನಿಗೆ ಒಂದು ಸಲ ಮಾರಿದರೆ ಮುಗಿಯಿತು. ಫ್ರಾನ್ಸಿನಲ್ಲಿ ಬೊಮಾರ್ಶೆ 1777ರಲ್ಲಿ ನಾಟಕಕಾರರನ್ನು ಒಗ್ಗೂಡಿಸಿದ, 1791ರಲ್ಲಿ ಪ್ರದರ್ಶನದ ಹಕ್ಕಿಗೆ ಕಾನೂನು ಬಂದಿತು. ಹಕ್ಕಿಲ್ಲದಿದ್ದರೆ ಏನಾಗುತ್ತದೆಂದು ಇಬ್ಸೆನ್‌ಗೆ ಗೊತ್ತಾಗಿತ್ತು. ನೋರಾ ಮನೆ ಬಿಟ್ಟು ಹೋಗುವ ಕೊನೆಯನ್ನು ಆಡಲಾರೆ ಎಂದು ಜರ್ಮನಿಯ ನಟಿಯೊಬ್ಬಳು ಹಟ ಹಿಡಿದಳು. ಅಲ್ಲಿ ಅವನ ಕೃತಿಗೆ ರಕ್ಷಣೆಯಿರಲಿಲ್ಲ. ಬೇರೆ ಯಾರೋ ಕೊನೆಯನ್ನು ತಿದ್ದಿ ಕೆಡಿಸುವ ಬದಲು ತಾನೇ ಬರೆಯುವುದು ಮೇಲೆಂದು, ನೋರಾ ಮಕ್ಕಳ ಮುಖ ನೋಡಿ ಉಳಿದುಬಿಡುವ ಇನ್ನೊಂದು ಮುಕ್ತಾಯವನ್ನು ಬರೆದುಕೊಟ್ಟ. ತಾನೇ ಬರೆದದ್ದನ್ನು ನಾಟಕದ ಮೇಲಿನ ಅನಾಗರಿಕ ಹಲ್ಲೆ ಎಂದು ಕರೆದ.

ಇಪ್ಪತ್ತನೆಯ ಶತಮಾನದಲ್ಲಿ ನಾಟಕಕಾರನ ಕೈ ಮಾತಿನಿಂದಾಚೆಗೆ ಚಾಚಿತು. ಚೆಕಾಫ್ 'ವಿರಾಮ' ಎಂದು ಬರೆದ, ಪಿಂಟರ್ ಮೂರು ಚುಕ್ಕೆಗೂ ವಿರಾಮಕ್ಕೂ ಮೌನಕ್ಕೂ ಬೇರೆ ಬೇರೆ ಅಳತೆ ಇಟ್ಟ. ಬೆಕೆಟ್‌ನ 'ಕ್ರಾಪ್ಸ್ ಲಾಸ್ಟ್ ಟೇಪ್' (1958) ನಾಟಕದಲ್ಲಿ ಅರವತ್ತೊಂಬತ್ತರ ಮುದುಕ, ತಾನು ಮೂವತ್ತೊಂಬತ್ತರಲ್ಲಿ ಧ್ವನಿಮುದ್ರಿಸಿದ ಟೇಪನ್ನು ಕೇಳುತ್ತಾ ಕೂರುತ್ತಾನೆ. 1958ಕ್ಕೆ ಮೂವತ್ತು ವರ್ಷದ ಹಿಂದೆ ಯಾರ ಮನೆಯಲ್ಲೂ ಟೇಪ್ ರೆಕಾರ್ಡರ್ ಇರಲಿಲ್ಲವಲ್ಲ? ಅದಕ್ಕೇ ಬೆಕೆಟ್ ಕಾಲವನ್ನು 'ಭವಿಷ್ಯದ ಒಂದು ಇಳಿಸಂಜೆ' ಎಂದು ಬರೆದ. ಒಬ್ಬನೇ ಮನುಷ್ಯ, ಎರಡು ವಯಸ್ಸು, ಇಬ್ಬರೂ ರಂಗದ ಮೇಲೆ. ಸ್ವಗತ ಯಂತ್ರದ ಬಾಯಲ್ಲಿ ಮರಳಿ ಬಂದಿತ್ತು.

ಕ್ಯಾರಿಲ್ ಚರ್ಚಿಲ್ 'ಟಾಪ್ ಗರ್ಲ್ಸ್' (1982) ನಾಟಕದಲ್ಲಿ ಮಾತಿನ ನಡುವೆ ಒಂದು ಓರೆಗೆರೆ ಎಳೆದರು: ಗೆರೆ ಬಂದಲ್ಲಿ ಎದುರಿನವರು ಮಾತು ಶುರುಮಾಡಬೇಕು, ಆಡುತ್ತಿರುವವರು ನಿಲ್ಲಿಸಬಾರದು. ಈಗ ಇದು ಎಲ್ಲೆಡೆ ಬಳಕೆಯಲ್ಲಿದೆ. ಕನ್ನಡದಲ್ಲಿ ಬಳಸುವವರು ಮಾತ್ರ ಒಂದು ಎಚ್ಚರ ಇಟ್ಟುಕೊಳ್ಳಬೇಕು. ನಮ್ಮ ವಾಕ್ಯದಲ್ಲಿ ಹೌದೋ ಅಲ್ಲವೋ ಎಂಬುದು ತೀರ್ಮಾನವಾಗುವುದು ಕೊನೆಯ ಪದದಲ್ಲಿ. 'ಆ ಪತ್ರ ನಾನು ಅವನಿಗೆ / ಕೊಡಲಿಲ್ಲ' ಎಂದು ಗೆರೆ ಹಾಕಿದರೆ, ಕೊಟ್ಟಳೋ ಇಲ್ಲವೋ ಎನ್ನುವುದೇ ಗದ್ದಲದಲ್ಲಿ ಮುಳುಗಿಹೋಗುತ್ತದೆ. ಇಂಗ್ಲಿಷಿನಲ್ಲಿ 'ಇಲ್ಲ' ಮೊದಲೇ ಬಂದಿರುತ್ತದೆ, ಕೊನೆ ಮುಳುಗಿದರೂ ನಷ್ಟವಿಲ್ಲ. ಆದ್ದರಿಂದ ಕನ್ನಡದಲ್ಲಿ ಓರೆಗೆರೆಯನ್ನು ಕ್ರಿಯಾಪದದ ನಂತರ, ಎರಡನೆಯ ವಾಕ್ಯದ ಹೊಟ್ಟೆಯಲ್ಲಿ ಹಾಕುವುದು ಕ್ಷೇಮ. ಬೇಕೆಂದೇ ಕ್ರಿಯಾಪದಕ್ಕೆ ಮುಂಚೆ ತಡೆದರೆ ಅದೊಂದು ಬೇರೆಯೇ ಸೊಗಸು: 'ಆ ಪತ್ರ ನಾನು ಅವನಿಗೆ...' ಅಷ್ಟರಲ್ಲಿ ಬಾಗಿಲು ತಟ್ಟಿದ ಸದ್ದು. ಉತ್ತರವನ್ನು ಮುಂದಿನ ಅಂಕದವರೆಗೆ ಕಾಯಿಸಬಹುದು, ಒಂದು ಅಕ್ಷರವೂ ಕೃತಕವೆನಿಸದೆ.

ಇನ್ನೊಂದು ಐಶ್ವರ್ಯ ಕ್ರಿಯಾಪದದ ಬಾಲದಲ್ಲಿದೆ. ಹಿರಿಯರ ಎದುರು ಒಬ್ಬ ಹುಡುಗಿ, ಅಪರಿಚಿತನಂತೆ ಕೂತ ಹುಡುಗನನ್ನು 'ಯಾವಾಗ ಬಂದ್ರಿ?' ಎಂದು ಕೇಳುತ್ತಾಳೆ. ಹತ್ತು ಮಾತು ದಾಟಿದ ಮೇಲೆ, ಲೋಟ ಕೊಡುತ್ತಾ, ಬಾಯಿತಪ್ಪಿ 'ಬಿಸಿ ಇದೆ, ನೋಡ್ಕೊ' ಎಂದುಬಿಡುತ್ತಾಳೆ. 'ನೋಡ್ಕೊಳ್ಳಿ' ಎಂಬುದರಿಂದ ಒಂದೂವರೆ ಅಕ್ಷರ ಬಿದ್ದುಹೋಯಿತು, ವರ್ಷಗಳ ಗುಟ್ಟು ಹೊರಗೆ ಬಂತು. ಅದನ್ನು ಕೇಳಿಸಿಕೊಳ್ಳಲು ಆ ಕ್ಷಣ ಅಮ್ಮ ರಂಗದ ಮೇಲಿರಬೇಕು, ಅಪ್ಪ ಇರಬಾರದು. ಮತ್ತೆ ಅದೇ ಹಾಳೆ, ಅದೇ ಮನೆಗಳು.

ಕರಡು ಮುಗಿದ ಮೇಲೆ ಗಡಿಯಾರ ಇಟ್ಟುಕೊಂಡು ಗಟ್ಟಿಯಾಗಿ ಓದಿಸಬೇಕು. ಬರೆದವನು ಓದಬಾರದು, ಅವನ ದನಿ ಕಾಗದದಲ್ಲಿ ಇಲ್ಲದ್ದನ್ನೂ ಸೇರಿಸಿಬಿಡುತ್ತದೆ. ಓದುವವರು ಎಲ್ಲಿ ಉಸಿರುಗಟ್ಟಿ ಎಡವುತ್ತಾರೋ ಅಲ್ಲಿ ವಾಕ್ಯ ಉದ್ದವಾಗಿದೆ. ಪಾತ್ರದ ಹೆಸರು ಬೆರಳಿಂದ ಮುಚ್ಚಿದರೆ ಮಾತು ಯಾರದೆಂದು ತಿಳಿಯದಿದ್ದರೆ ಇಬ್ಬರೂ ಬರೆದವನ ದನಿಯಲ್ಲೇ ಮಾತಾಡುತ್ತಿದ್ದಾರೆ. 'ದುಃಖದಿಂದ', 'ಸಿಟ್ಟಿನಿಂದ' ಎಂಬ ಆವರಣದ ಪದಗಳನ್ನೆಲ್ಲ ಹೊಡೆದುಹಾಕಿ ಓದಿಸಿ; ದುಃಖ ಮಾಯವಾದರೆ ಅದು ಮಾತಿನಲ್ಲಿ ಇರಲೇ ಇಲ್ಲ.

ತಿದ್ದುವಾಗಲೂ ಮಾತಿಗೆ ಕೈ ಹಾಕುವ ಮುಂಚೆ ಯಾರು ಏನು ಮಾಡುತ್ತಾರೆ ಎಂಬುದನ್ನು ನೋಡಬೇಕು. ಬ್ರೆಕ್ಟ್‌ನ 'ಮದರ್ ಕರೇಜ್' 1941ರಲ್ಲಿ ಜ್ಯೂರಿಕ್‌ನಲ್ಲಿ ಮೊದಲು ಪ್ರದರ್ಶನವಾದಾಗ, ಯುದ್ಧದಿಂದ ಬದುಕುವ ವ್ಯಾಪಾರಿ ಹೆಂಗಸನ್ನು ಜನ ನೊಂದ ತಾಯಿಯಾಗಿ ಕಂಡು ಮರುಗಿದರು. ಅವನಿಗೆ ಬೇಕಾದದ್ದು ಮರುಕವಲ್ಲ, ಅವಳ ವ್ಯಾಪಾರವನ್ನು ಜನ ತಣ್ಣಗೆ ನೋಡುವುದು. 1949ರ ಬರ್ಲಿನ್ ಪ್ರದರ್ಶನಕ್ಕೆ ಅವನು ಕೆಲವು ದೃಶ್ಯಗಳನ್ನು ಬದಲಿಸಿದ. ಗಾಯಾಳುಗಳಿಗೆ ಪಟ್ಟಿ ಕಟ್ಟಲು ಅವಳು ಮೊದಲಿನ ಪಾಠದಲ್ಲಿ ಮಾರಾಟದ ಅಂಗಿಗಳನ್ನು ತಾನಾಗಿ ಕೊಡುತ್ತಿದ್ದಳು. ಹೊಸ ಪಾಠದಲ್ಲಿ ಅವಳು ಕೊಡಲೊಪ್ಪುವುದಿಲ್ಲ, ಅವಳಿಂದ ಕಿತ್ತುಕೊಳ್ಳಬೇಕಾಗುತ್ತದೆ. ಬರ್ಲಿನ್ನಿನಲ್ಲಿಯೂ ಜನ ಅತ್ತರು.